ಒಡೆಯುವುದಾದರೆ ಇಲ್ಲಿ

ಟೇಕಲ್ ರಸ್ತೆಯ ಚಲಪತಿ ಗ್ಯಾರೇಜಿಗೆ
ನೆಲದ ಬಣ್ಣ ಬಳಿಯಲು ಬಂದು ಮೂರು ದಿನ.
ಇನ್ನೂ ಡಬ್ಬಿಯ ಮುಚ್ಚಳ ತೆಗೆದಿಲ್ಲ.
ಮೊಣಕಾಲಿಗೆ ಗೋಣಿ ಸುತ್ತಿಕೊಂಡು
ಕಾಂಕ್ರೀಟಿನ ಗೀರು ಕೆದಕುತ್ತಿದ್ದೇನೆ,
ಹಲ್ಲುಸಂದಿಯ ಮಾವಿನ ನಾರು ಬಿಡಿಸುವವರಂತೆ.

ಏನೇನು ಬರುತ್ತದೆ ನೋಡಿ, ಕಾಲಿಂಚು ಅಗಲದೊಳಗಿಂದ:
ಗ್ರೀಸು ಕುಡಿದು ಕಪ್ಪಾದ ಮಣ್ಣು,
ಎಂಟು ಬೇರಿಂಗ್ ಗುಂಡು,
ಯಾರೂ ಇಸಕೊಳ್ಳದ ಐವತ್ತು ಪೈಸೆ,
ಲಾರಿಗಳು ಮಂಡಿಯಿಂದ ಟಯರಿಗೆ ಮೆತ್ತಿಕೊಂಡು ತಂದ
ಟೊಮೇಟೊ ಬೀಜ, ಚಿಟಿಕೆಯಷ್ಟು.
ಮೂರನೇ ಗೀರಿನಲ್ಲಿ ಒಂದು ಚೇಳು.

ಹುಡುಗ ಖಾದರ್‌ವಲಿ ಚಪ್ಪಲಿ ಎತ್ತಿದ.
"ಏ, ಬ್ಯಾಡ" ಅಂದರು ಚಲಪತಿ. ಕೈ ಮುಗಿದರು.
"ಚೇಳಮ್ಮ."
ಪಟ್ಟಿ ಚಾಕುವಿನ ಮೇಲೆ ಅದನ್ನು ಕೂರಿಸಿ
ಹಸೆಗೆ ಕರೆದೊಯ್ಯುವ ಹಾಗೆ, ಮೆಲ್ಲಗೆ,
ಹಿಂಗೋಡೆಯ ಕಲ್ಲುಗಳ ತನಕ ಹೊತ್ತೆವು.
ಬಾಡಿಗೆ ಬಾಕಿ ಉಳಿಸಿಕೊಂಡವರಂತೆ
ತಿರುಗಿ ನೋಡದೆ ಹೋಯಿತು.

"ಈ ಗೀಟು ಕಾಣಬಾರದು ಕಣಪ್ಪ.
ಕಂಪನಿ ಶೋರೂಮಿನ ಹಂಗೆ, ಕನ್ನಡಿ ಹಂಗೆ,
ಈ ಗೋಡೆಯಿಂದ ಆ ಗೋಡೆಗೆ ಒಂದೇ ಹಾಸು.
ಸಿಮೆಂಟು ತುಂಬಿ ಮುಚ್ಚಿಬಿಡು, ಯಾಕಿಷ್ಟು ತಡ?"

ಹೇಗೆ ಹೇಳಲಿ.
ಇದು ಬಿರುಕಲ್ಲ ಸ್ವಾಮಿ, ಬಿರುಕಿಗೆ ಕೊಟ್ಟ ಜಾಗ.
ನೆಲ ಹಾಸಿದ ಮಾರನೇ ದಿನ, ಇನ್ನೂ ಹಸಿ ಆರದಾಗ,
ಯಾವನೋ ಮೇಸ್ತ್ರಿ ದಾರ ಹಿಡಿದು ಕುಯ್ದದ್ದು:
ನೀನು ಒಡೀತೀಯ, ನನಗೆ ಗೊತ್ತು.
ಒಣಗುವುದೆಂದರೆ ಕುಗ್ಗುವುದು,
ಕುಗ್ಗಿದ್ದು ಎಲ್ಲಾದರೂ ಬಿಡಲೇಬೇಕು.
ಒಡೆಯುವುದಾದರೆ ಇಲ್ಲಿ ಒಡಿ.
ಕಂಡಕಂಡಲ್ಲಿ ಬೇಡ.

ಮಾತು ಕೇಳಿದೆ ನೆಲ.
ಇಪ್ಪತ್ತೆರಡು ವರ್ಷ ಹತ್ತು ಚಕ್ರದ ಲಾರಿಗಳನ್ನು ಹೊತ್ತೂ
ಗೀರಿನ ತಳದಲ್ಲಷ್ಟೇ ಬಿಟ್ಟಿದೆ, ಕೂದಲೆಳೆ.

ನಾಲ್ಕನೆಯದು ಮಾತ್ರ ನಡುವೆ ಒಂದು ಬೆರಳು ಬಲಕ್ಕೆ ಜಾರಿದೆ.
ಟೀ ಬಂತೇನೋ. ಯಾರೋ ಕೂಗಿದರೇನೋ.
ಕರೆಂಟು ಹೋಗಿ ಬಂತೋ.
ಅವನ ಹೆಸರು ಇಲ್ಲಿ ಯಾರಿಗೂ ನೆನಪಿಲ್ಲ.
ಆ ಐವತ್ತು ಪೈಸೆಯನ್ನು ಅಲ್ಲೇ, ಆ ಸೊಟ್ಟದಲ್ಲೇ,
ಯಾರೂ ನೋಡದಾಗ ಬೀಳಿಸಿದೆ.

ಆಮೇಲೆ ಕೆಲಸ.
ಎರಡು ಪಾಲು ರಾಳ, ಒಂದು ಪಾಲು ಹಾರ್ಡ್‌ನರ್,
ಇಪ್ಪತ್ತು ನಿಮಿಷ ದಾಟಿದರೆ ಡಬ್ಬಿಯೇ ಕೈ ಸುಡುತ್ತದೆ.
ಬಾಯಿಂದ ಉಬ್ಬುವಷ್ಟು ತುಂಬಿ
ಬೆಳಿಗ್ಗೆ ಬ್ಲೇಡಿನಲ್ಲಿ ಹೆರೆದು ಸಮ.
ಉಗುರು ಎಳೆದರೆ ಎಲ್ಲೂ ತಡೆಯಬಾರದು.
ಹೀಗೆ ಆರು ಗೀರು.

ಏಳನೆಯದು ಬೇರೆ.
ಹಳೇ ಶೆಡ್ಡಿಗೆ ಹೊಸ ಶೆಡ್ಡು ಕೂಡುವಲ್ಲಿ.
ಅದಕ್ಕೆ ಫೋಮಿನ ಹಗ್ಗ ಇಳಿಸಿ
ಮೇಲೆ ರಬ್ಬರಿನಂಥದ್ದು ಎಳೆದೆ, ಒತ್ತಿದರೆ ತಗ್ಗುವಂಥದ್ದು.
"ಗೀಟು ಕಾಣ್ತದಲ್ಲ?"
"ಕಾಣ್ತದೆ."
"ಅದ್ನೂ ಗಟ್ಟಿ ಮಾಡಿದ್ರೆ?"
ಕೂತ್ಕೊಳಿ ಅಂದೆ. ಅಂಗೈ ಇಡಿ, ಆ ಕಡೆ ಒಂದು, ಈ ಕಡೆ ಒಂದು.

ಹೊರಗೆ ಬಂಗಾರಪೇಟೆಯ ಲಾರಿಯೊಂದು ರಿವರ್ಸ್ ಬಂತು.
ಚಲಪತಿಯವರ ಎಡಗೈ ನಡುಗಿತು.
ಬಲಗೈ ಸುಮ್ಮನಿತ್ತು.
ಲಾರಿ ನಿಂತಮೇಲೂ ಅವರು ಎದ್ದೇಳಲಿಲ್ಲ,
ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.
ಕೊನೆಗೆ, ಪಂಚೆ ಕೊಡವಿ,
"ಆಯ್ತು, ಅದೊಂದು ಬಿಡು.
ಆದ್ರೆ ಬಿಲ್ಲಲ್ಲಿ ಐನೂರು ಮುರ್ಕೊಳ್ತೀನಿ."

ಮುರಿದುಕೊಳ್ಳಲಿ.
ನಾಳೆ ಬಣ್ಣ. ಬೂದಿ ಬಣ್ಣವನ್ನೇ ಆರಿಸಿದ್ದಾರೆ,
ಧೂಳು ಕೂತರೂ ಗೊತ್ತಾಗಬಾರದೆಂದು.
ಶಟರು ಎಳೆದು, ನಾಯಿ ನುಗ್ಗದಂತೆ
ಅಡಿಗೊಂದು ಹಳೇ ಟಯರು ಒತ್ತರಿಸಿ ಹೊರಟೆವು.
ಹಿಂಗೋಡೆಯ ಕಲ್ಲಿನ ಕಡೆ
ಖಾದರ್‌ವಲಿ ಟಾರ್ಚು ಬಿಟ್ಟು ನೋಡಿದ.
ಏನೂ ಇರಲಿಲ್ಲ.
ಇದ್ದರೂ ನಮಗೆ ಕಾಣುತ್ತಿತ್ತೇ.