ಹಸಿರು ಕಾರ್ಡು

ಟಿಂಗ್ ಟಿಂಗ್ ಟಿಂಗ್ ಎನ್ನುತ್ತಲೇ ಬಂತು ಕಾರು
ಗೋಣಿಕೊಪ್ಪದ ನನ್ನ ಶೆಡ್ಡಿಗೆ.
ಇಳಿದವರು ಬೊಳ್ಳಮ್ಮ ಮೇಡಂ,
ಕೊರಳಲ್ಲಿ ಸೀಟಿ, ಬೂಟಿನ ತುಂಬ ಪೊನ್ನಂಪೇಟೆ ಮೈದಾನದ ಮಣ್ಣು,
ಇಪ್ಪತ್ತು ವರ್ಷದ ಅಂಪೈರು.
ಅವರಿಗೆ ಹಾಕಿ ಅಂದರೆ ಆಟ,
ಕಾರಿಗೆ ಹಾಕಿ ಅಂದರೆ ಬೆಲ್ಟು.

"ಮೊಯ್ದು, ಪಕ್ಕದ ಸೀಟಲ್ಲಿ ಯಾರೂ ಇಲ್ಲ.
ಇದ್ದಾರೆ ಅನ್ನುತ್ತೆ ಇದು.
ಬಿಟ್ಟಂಗಾಲದಿಂದ ಇಲ್ಲಿವರೆಗೆ ತಲೆ ತಿಂದಿದೆ."

ಬಗ್ಗಿ ನೋಡಿದೆ.
ಡ್ಯಾಶ್‌ಬೋರ್ಡಿನ ಕತ್ತಲಲ್ಲಿ
ಎದೆಗೆ ಅಡ್ಡಪಟ್ಟಿ ಬಿಗಿದ ಪುಟ್ಟ ಕೆಂಪು ಮನುಷ್ಯ.
ಅವನ ಪಕ್ಕ, ಹೊಟ್ಟೆಯ ಮುಂದೆ ದುಂಡನೆಯದೇನೋ ಹಿಡಿದ ಇನ್ನೊಬ್ಬ.
"ಅದು ಏರ್‌ಬ್ಯಾಗು," ಅಂದೆ.
"ನಾನು ಗೋಲಿ ಅಂದುಕೊಂಡಿದ್ದೆ," ಅಂದರು.

"ಎಂಬತ್ತು ರೂಪಾಯಿ ಮೇಡಂ,
ಬೆಲ್ಟಿಲ್ಲದ ಬರೀ ನಾಲಿಗೆ ಸಿಗುತ್ತೆ,
ಬಕಲಿಗೆ ಸಿಕ್ಕಿಸಿದರೆ ಮತ್ತೆ ಉಸಿರೆತ್ತಲ್ಲ.
ಅರ್ಧ ಊರು ಹಾಗೇ ಓಡಾಡುತ್ತೆ."
"ಸೀಟಿಯ ಬಾಯಿಗೆ ಬಟ್ಟೆ ತುರುಕಿದರೆ
ಫೌಲು ಆಗಿಲ್ಲ ಅಂತಲೇನೋ?"

ಸರಿ, ಹುಡುಕಲು ಕೂತೆ.
ಸೀಟಿನ ಮೇಲಿನ ಚೀಲ ಇಳಿಸಿದೆ:
ಹದಿನೆಂಟು ಚೆಂಡು, ಗೋಲಿಯ ಪ್ಯಾಡು, ಒಂದು ಒದ್ದೆ ಜರ್ಸಿ.
ಸೀಟಿನ ಲೆಕ್ಕದಲ್ಲಿ ಅದೊಂದು ಮಗು.
ಮಗು ಇಳಿದ ಮೇಲೂ ಟಿಂಗ್.
ಬಕಲಿಗೆ ಗಾಳಿ ಹೊಡೆದೆ,
ಕಡಲೆ ಸಿಪ್ಪೆ ಬಂತು, ಮುರಿದ ಹೇರ್‌ಪಿನ್ನು ಬಂತು,
ಚಲಾವಣೆಯಿಲ್ಲದ ಒಂದು ನಾಲ್ಕಾಣೆ ಬಂತು. ಟಿಂಗ್.
ಫ್ಯೂಸು ನೋಡಿದೆ. ಅದರ ತಪ್ಪೇನಿಲ್ಲ.

ಕೊನೆಗೆ ಕೆನ್ನೆ ನೆಲಕ್ಕಿಟ್ಟು ಸೀಟಿನಡಿ ಟಾರ್ಚು ಬಿಟ್ಟರೆ
ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಯಿತು.
ಹುಳಿ. ಕಪ್ಪು ಹುಳಿ. ಬಾಯಲ್ಲಿ ನೀರು.
"ಮೇಡಂ, ಕಾಚಂಪುಳಿ ಏನಾದರೂ..."

ಅವರು ಮೊದಲ ಸಲ ಕಣ್ಣು ತಪ್ಪಿಸಿದರು.
ಮೂರ್ನಾಡಿನ ಅತ್ತಿಗೆಗೆ ಒಂದು ಬಾಟಲಿ,
ಬಿರಡೆ ಸಡಿಲ, ತಿರುವಿನಲ್ಲಿ ಉರುಳಿತು.
"ಒರೆಸಿದ್ದೆನಲ್ಲ!"
ಒರೆಸಿದ್ದು ಮ್ಯಾಟನ್ನು.
ಹುಳಿ ತನ್ನ ದಾರಿ ತಾನು ಹಿಡಿದು ಹಳದಿ ಕನೆಕ್ಟರಿಗೆ ಇಳಿದಿತ್ತು.
ಇವರ ಮನೆಯ ಪಂದಿಕರಿಗೆ ಅದು ಏನು ಮಾಡುತ್ತೋ
ನಾನು ತಿಂದವನಲ್ಲ, ಬರೀ ಕೇಳಿ ಬಲ್ಲೆ,
ಅದನ್ನೇ ಅಷ್ಟೇ ತಾಳ್ಮೆಯಿಂದ ತಾಮ್ರದ ಪಿನ್ನಿಗೂ ಮಾಡಿತ್ತು.

ಏರ್‌ಬ್ಯಾಗಿನ ತಂತಿ, ಆಟವಲ್ಲ.
ಬ್ಯಾಟರಿ ಬಿಚ್ಚಿ, ಇಬ್ಬರೂ ಒಂದೊಂದು ಲೋಟ
ಬೆಲ್ಲದ ಕಾಫಿ ಕುಡಿಯುವಷ್ಟು ಕಾದು,
ಬ್ರಷ್ಷು ಹಾಕಿ ಉಜ್ಜಿ, ಎರಡು ಹೊಸ ಪಿನ್ನು ಕೂರಿಸಿ
ಕೀಲಿ ತಿರುಗಿಸಿದೆ.
ದೀಪಗಳೆಲ್ಲ ಎದ್ದು ಹಾಜರಿ ಹೇಳಿ ಕೂತವು.
ಗೋಲಿ ಮಾತ್ರ ನಿಂತೇ ಇದ್ದ.
ಅವನ ನೆನಪು ಅಳಿಸಲು ಸ್ಕ್ಯಾನರು ಬೇಕು,
ಸ್ಕ್ಯಾನರಿಗೆ ಕುಶಾಲನಗರ. ಅದು ಬೇರೆ ದಿನದ ಮಾತು.

ಒಂದು ಸುತ್ತು ನೋಡೋಣ ಅಂತ ನಾನೇ ಓಡಿಸಿದೆ.
ಮೇಡಂ ಪಕ್ಕದಲ್ಲಿ, ಬೆಲ್ಟು ಬಿಗಿದು, ಚೀಲ ಹಿಂದೆ.
ಪೇಟೆ ದಾಟಿದ್ದೇ
ಟಿಂಗ್.
ಕೈ ಬೆವರಿತು. ಬದಿಗೆ ನಿಲ್ಲಿಸಿ, ಇಳಿದು, ಸುತ್ತಿ ಹೋಗಿ
ಅವರ ಸೀಟಿನಡಿ ಕನೆಕ್ಟರು ಅಲುಗಿಸಿ ನೋಡಿದೆ. ಗಟ್ಟಿ.
ಮತ್ತೆ ಹೊರಟೆ. ಟಿಂಗ್ ಟಿಂಗ್.
ಪಿನ್ನು ಮಾರಿದವನಿಗೆ ಬೈದೆ, ಕಂಪನಿಗೆ ಬೈದೆ,
ಮೂರ್ನಾಡಿನ ಅತ್ತಿಗೆಗೆ ಮನಸ್ಸಿನಲ್ಲೇ ಬೈದೆ.

ಮೇಡಂ ಏನೂ ಅನ್ನಲಿಲ್ಲ.
ಜೇಬಿಂದ ತ್ರಿಕೋನದ ಹಸಿರು ಕಾರ್ಡು ತೆಗೆದು
ನನ್ನ ಎದೆಯ ಮುಂದೆ ಹಿಡಿದರು.

ಬಗ್ಗಿ ನೋಡಿಕೊಂಡೆ.
ಇಪ್ಪತ್ತೇಳು ವರ್ಷ ಊರವರ ಬೆಲ್ಟು ರಿಪೇರಿ ಮಾಡಿದ ಅಂಗಿಯ ಮೇಲೆ
ಗ್ರೀಸಿನ ಗೆರೆಗಳಿದ್ದವು, ಅಡ್ಡ, ಉದ್ದ, ಓರೆ.
ಬೆಲ್ಟಿನದು ಒಂದೂ ಇರಲಿಲ್ಲ.

"ಎರಡು ನಿಮಿಷ ಹೊರಗೆ," ಅಂದರು.
ಎಂಜಿನ್ನು ಆರಿಸಿ, ಇಳಿದು, ಕಾಫಿತೋಟದ ಬೇಲಿಗೆ ಬೆನ್ನು ಕೊಟ್ಟು ನಿಂತೆ.
ಗಾಜಿನ ಹಿಂದೆ ಅವರು
ನಿಜವಾಗಿಯೂ ಗಡಿಯಾರ ನೋಡುತ್ತಿದ್ದರು.