ಎರಡು ಸಲ ಬರೆದದ್ದು

ಶಾಲೆಯ ಗೋಡೆಯಲ್ಲಿ ಉಮ್ಸುನಾಯ್‌ಳ ಫೋಟೋ ಇದೆ,
ನೀಲಿ ಅಂಗಿ, ಕೊರಳಿಗೆ ಕಂಚು.
ಕೆಳಗೆ ಕೋಚ್ ತೊಲೊಗೊನ್ ಬಯ್ಕೆಯ ಹೆಸರು,
ಅದರ ಕೆಳಗೆ ನರಿನ್ ಪಟ್ಟಣದ ಹೆಸರು.
ನನ್ನ ಕೈಬರಹಕ್ಕೆ ಫೋಟೋ ಇಲ್ಲ.
ಇರಬೇಕಾಗಿಯೂ ಇಲ್ಲ ಬಿಡಿ.

ಹತ್ತನೇ ತರಗತಿಯ ಆ ಚಳಿಗಾಲ
ಗಣಿತದ ಸೋನುನ್ ಎಜೆ
(ಟೀಚರನ್ನು ನಾವು ಅಕ್ಕ ಎಂದೇ ಕರೆಯುವುದು)
ಎರಡು ಚೌಕಳಿ ನೋಟ್‌ಬುಕ್ ಕೈಗಿಟ್ಟರು.
"ಒಂದು ನಿನ್ನದು, ಒಂದು ಅವಳದು.
ಅವಳು ಶಾಲೆಯ ಪರವಾಗಿ ಬೀಳುತ್ತಾಳೆ, ಏಳುತ್ತಾಳೆ.
ಅವಳ ಪರವಾಗಿ ನೀನು ಕೂತು ಬರಿ."
ಕಾರ್ಬನ್ ಹಾಳೆ ಇಡಲೇ ಅಂದೆ.
"ಬೇಡ. ಎರಡು ಸಲ ಬರಿ."

ಕೋಪ ಬಂತು, ಸುಳ್ಳೇಕೆ.
ಕುಸ್ತಿ ಅವಳದು, ಕೈನೋವು ನನ್ನದೆ?
ಕಿಟಕಿಯ ಗಾಜಿಗೆ ಒಳಗಿನಿಂದಲೇ ಮಂಜು ಕಟ್ಟುತ್ತಿತ್ತು.
ಹೆಪ್ಪುಗಟ್ಟಿದ ಪೆನ್ನನ್ನು ಕಂಕುಳಲ್ಲಿಟ್ಟು ಕಾಯಿಸಿ
ಬರೆದೆ: ಸೈನು, ಕೊಸೈನು,
ಉಪ್ಪಿನ ಹರಳು, ಯಾವುದೋ ಯುದ್ಧದ ತಾರೀಖು.
ಅವಳಿಗೆ ತಿಳಿಯಲೆಂದು ಬಿಡಿಸಿ ಬರೆಯಹೋದರೆ
ನನಗೇ ತಿಳಿದಿರಲಿಲ್ಲ.
ಸ್ಟಾಫ್ ರೂಮಿಗೆ ಓಡಿದೆ, ಕೇಳಿದೆ, ಬಂದೆ,
ಮತ್ತೆ ಬರೆದೆ.

ಮಾರ್ಶ್ರುತ್ಕಾ ವ್ಯಾನಿನ ಡ್ರೈವರ ಪಕ್ಕ ಕೂತು
ಡೊಲೊನ್ ಘಾಟಿ ಹತ್ತಿ ಇಳಿದು
ಬಿಷ್ಕೆಕ್ಕಿನ ಶಿಬಿರಕ್ಕೆ ಹೋಗುತ್ತಿತ್ತು ನೋಟ್‌ಬುಕ್ಕು.
ವಾರ ಬಿಟ್ಟು ಮರಳುವಾಗ
ಮೂಲೆಗಳು ಬೆವರಿಗೆ ಉಬ್ಬಿ,
ಕರಿದ ಬೋರ್ಸೋಕಿನ ಎಣ್ಣೆ
ಮೂರು ಪುಟ ಇಳಿದು ದ್ವೀಪವಾಗಿ,
ಅಂಚಿನಲ್ಲಿ, ದಾರಿಯ ಕುಲುಕಿಗೆ ಸೊಟ್ಟಗಾದ ಪೆನ್ಸಿಲ್ಲು:
"ಜಿಪಾರ್, ಇಲ್ಲಿ ಮೈನಸ್ ಬಿಟ್ಟಿದ್ದೀಯ."
ಹೌದು. ಬಿಟ್ಟಿದ್ದೆ.
ಇನ್ನೊಂದು ಪುಟದಲ್ಲಿ:
"ತೂಕ ಇಳಿಸಬೇಕು, ನಿನ್ನೆಯಿಂದ ನೀರು ಕುಡಿದಿಲ್ಲ.
ಹೈಡ್ರೋಜನ್ ಎರಡು, ಆಕ್ಸಿಜನ್ ಒಂದು.
ಓದಿದರೇ ಬಾಯಲ್ಲಿ ನೀರು."

ಇತಿಹಾಸದ ಮೇಷ್ಟ್ರು ಹಾಜರಿ ಪುಸ್ತಕ ತಟ್ಟಿ ಅಂದರು,
"ಕುಸ್ತಿಗೆ ಅಂಕ ಕೊಡಲು ನಾನೇನು ರೆಫರಿಯೆ?
ಐದಕ್ಕೆ ಎರಡು. ಅಷ್ಟೇ."
"ಅಂಕ ಯಾರು ಕೇಳಿದರು?" ಎಜೆ ಕದಲಲಿಲ್ಲ,
"ದಿನ ಕೇಳಿದೆ. ಹತ್ತು ದಿನ."
ಬಾಗಿಲಲ್ಲಿ ನಿಂತು ನೋಡಿದೆ:
ಅವರೂ ಪಟ್ಟು ಹಿಡಿದವರೇ,
ಮ್ಯಾಟು ಮಾತ್ರ ಇರಲಿಲ್ಲ.

ಮಾರ್ಚಿನಲ್ಲಿ ಓಶ್ ನಗರದ ಪಂದ್ಯ.
ಮೊದಲ ಸುತ್ತಿನಲ್ಲೇ, ನಲವತ್ತೊಂದು ಸೆಕೆಂಡಿಗೆ
ಅವಳ ಬೆನ್ನು ನೆಲ ಮುಟ್ಟಿತು.
ಸುದ್ದಿ ಹೆಡ್‌ಮಾಸ್ಟರ ಫೋನಿಗೆ ಬಂದಿದ್ದೇ ತಡ
ಬಾಗಿಲಿಗೆ ಕಟ್ಟಿದ ಬ್ಯಾನರು ಸುರುಳಿಯಾಗಿ
ಕಪಾಟಿನ ಹಿಂದೆ ಸೇರಿತು.

ರಾತ್ರಿ ಹನ್ನೊಂದಕ್ಕೆ ವ್ಯಾನು ಬಂತು.
ಹಿಮ ಬೀಳುತ್ತಿತ್ತು. ನಿಲ್ದಾಣದಲ್ಲಿ ಎಜೆ,
ಫ್ಲಾಸ್ಕಿನಲ್ಲಿ ಚಹಾ, ಟಾರ್ಚು ಹಿಡಿಯಲು ನಾನು.
ಕೋಚ್ ಬಯ್ಕೆ ಬ್ಯಾಗು ಇಳಿಸಿ
ಯಾರ ಮುಖವನ್ನೂ ನೋಡದೆ ನಡೆದರು.
ಪಂದ್ಯದ ಮಾತು ಎಜೆ ಎತ್ತಲೇ ಇಲ್ಲ.
"ಗುರುವಾರದ ಪರೀಕ್ಷೆ ನಿನಗೆ ಬಾಕಿ ಇದೆ.
ನಾಳೆ ಎರಡನೇ ಪಿರಿಯಡ್ಡಿಗೆ ಬಾ. ತಿಂದು ಬಾ."
"ಸೋತವಳಿಗೂ ಇದೆಯಾ?"
"ಯಾಕೆ, ತ್ರಿಕೋನಕ್ಕೆ ಕೋನ ಕಡಿಮೆಯಾಯಿತೆ?"
ದಾರಿಯುದ್ದಕ್ಕೂ ಅಳದವಳು
ಆಗ ಅತ್ತಳು, ಚಹಾದ ಮುಚ್ಚಳ ಕೈಯಲ್ಲೇ ಹಿಡಿದು.
ಟಾರ್ಚನ್ನು ನಾನು ಬೇರೆ ಕಡೆ ತಿರುಗಿಸಿದೆ.

ಮೂರು ಬಂತು ಅವಳಿಗೆ, ಐದಕ್ಕೆ.
ಯಾರೂ ಎತ್ತಿ ಕೊಟ್ಟ ಮೂರಲ್ಲ.
ಕಂಚು ಬಂದದ್ದು ಮರುವರ್ಷ.

ನನ್ನ ನೋಟ್‌ಬುಕ್ಕನ್ನು ಅಮ್ಮ ಒಲೆ ಹೊತ್ತಿಸಲು ಹರಿದಳು.
ಅವಳದು ಇದೆ, ನನ್ನಲ್ಲೇ, ಅವಳೇ ತಂದುಕೊಟ್ಟಳು.
ಎರಡನೇ ಸಲ ಬರೆದದ್ದಲ್ಲವೆ, ಅಕ್ಷರ ದುಂಡಗಿದೆ.
ಎಣ್ಣೆಯ ದ್ವೀಪ ಹಳದಿ ತಿರುಗಿದೆ.
ಮಸಿ ನನ್ನದು.
ಆ ಸಾಲಿನಲ್ಲಿ, ಪೆನ್ಸಿಲ್ಲಿನ ಸಣ್ಣ ಅಡ್ಡಗೆರೆ,
ಅದು ಅವಳದು.