ನಿನ್ನ ಪಾಳಿ

ಜಲಜಕ್ಕಾ, ಗುಂಡು ಹಾರಿಸೋ ಆಟ ಬೇಡ ನಿನಗೆ.
ಲ್ಯಾಮಿಂಗ್ಟನ್ ರೋಡಿನಿಂದ ತಂದ ಆ ಹಳೇ ಕನ್ಸೋಲಿಗೆ
ಇದೊಂದು ಹಾಕಿ ನೋಡು:
ಚೌಕಚೌಕದ ನೆಲ, ಒಂದು ಸೇತುವೆ,
ಇಬ್ಬರು ಬಿಲ್ಲಾಳುಗಳು, ಕುಂಟುವ ಕುದುರೆ.

ಎತ್ತಿದ ಕತ್ತಿ ಎತ್ತಿದಂತೆಯೇ
ವೈರಿ ನಿಂತಿರುತ್ತಾನೆ
ನೀನು ಗುಂಡಿ ಒತ್ತುವವರೆಗೆ.
ಎಡಗೈಯಲ್ಲೇ ಒತ್ತು. ಚಹಾ ಕುಡಿದು ಬಂದು ಒತ್ತು.
ಫಿಸಿಯೋದವನು ಬಂದು ಹೋಗಲಿ, ಆಮೇಲೆ ಒತ್ತು.

ಡೊಂಬಿವಲಿಯಲ್ಲಿ ಯಾರು ಕಾದಿದ್ದಾರೆ ನಮಗೆ?
ಎಂಟು ಹದಿನೇಳರ ಲೋಕಲ್ಲಾ? ನಲ್ಲಿ ನೀರಾ?

ಮೊದಲೇ ಹೇಳಿಬಿಡುತ್ತೇನೆ, ಮೂರನೇ ಕೋಟೆ ಕಷ್ಟ.
ಬಿಲ್ಲಾಳುಗಳನ್ನು ಗುಡ್ಡ ಹತ್ತಿಸು,
ಸೇತುವೆಗೆ ಅವಸರ ಬೇಡ.
ನಾನು ಅಲ್ಲಿ ಆರು ಸಲ ಸತ್ತೆ.

ನಿನ್ನೆ ಆಟ ನಿಲ್ಲಿಸದೆ ನಿದ್ದೆಹೋಗಿದ್ದೆ.
ಬೆಳಗ್ಗೆಯೂ ಪರದೆಯ ಮೇಲೆ
ಅವೇ ಎರಡು ಪದ:
ನಿನ್ನ ಪಾಳಿ.